ಕಟ್ಟೆಯಲ್ಲಿ ಸರಿ, ನಡುನೀರಲ್ಲಿ ಬಂದ್: ಇಂಜೆಕ್ಷನ್‌ಗೆ ಬದಲಾಯಿಸಿದ ಹಳೇ ಬೋಟ್ ಎಂಜಿನ್ನಿನ ದೋಷ ಹುಡುಕುವ ಬಗೆ

ಕಟ್ಟೆಗೆ ಕಟ್ಟಿಹಾಕಿ ಒಂದು ಗಂಟೆ ಓಡಿಸಿದರೂ ತಕರಾರಿಲ್ಲ. ಕೀಲಿ ತಿರುಗಿಸಿದರೆ ಅರ್ಧ ಸುತ್ತಿಗೇ ಸ್ಟಾರ್ಟ್. ಸರೋವರಕ್ಕೆ ಹೋಗಿ 3,200 ಆರ್‌ಪಿಎಂನಲ್ಲಿ ಹತ್ತು ಹನ್ನೊಂದು ನಿಮಿಷ ಓಡಿಸಿದರೆ ಮಾತ್ರ ಒಮ್ಮೆ ಬಿಕ್ಕಳಿಸಿ, ಇನ್ನೊಮ್ಮೆ ಬಿಕ್ಕಳಿಸಿ, ಬಂದ್. ಐದು ನಿಮಿಷ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಪೆಟ್ರೋಲನ್ನು ಗಾಳಿಗೆ ಬೆರೆಸುವ ಹಳೇ ಕಾರ್ಬ್ಯುರೇಟರ್ ಇದ್ದಾಗ ಬೆಳಿಗ್ಗೆ ಸ್ಟಾರ್ಟ್ ಮಾಡಲು ಹರಕೆ ಹೊರಬೇಕಿತ್ತು ಅನ್ನುವುದು ನಿಜ, ಆದರೆ ನಡುನೀರಲ್ಲಿ ಕೈಕೊಟ್ಟ ದಿನ ಒಂದೂ ಇರಲಿಲ್ಲ. ದುಡ್ಡು ಸುರಿದು, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಹಾಕಿಸಿದ ಮೇಲೆ ಈ ಪಾಡು.

ಬೋಟು 1988ರದ್ದು, 21 ಅಡಿ. ಜಾಗ ಮಿಶಿಗನ್‌ನ ಸೇಂಟ್ ಕ್ಲೇರ್ ಸರೋವರ, ಡೆಟ್ರಾಯಿಟ್ ಪಕ್ಕ. ಎಂಜಿನ್ ಜನರಲ್ ಮೋಟಾರ್ಸ್‌ನ 5.7 ಲೀಟರಿನ ಎಂಟು ಸಿಲಿಂಡರಿನದು. ಒಂದು ಕಾಲದಲ್ಲಿ ಅಮೆರಿಕದ ಅರ್ಧ ಪಿಕಪ್ ಟ್ರಕ್ಕುಗಳಲ್ಲಿ ಇದ್ದದ್ದೇ, ಬೋಟಿಗೆಂದು ಮಾರ್ಪಡಿಸಿದ್ದು. ಮೇಲೆ ಕೂತಿದ್ದ ನಾಲ್ಕು ಬಾಯಿಯ ಕಾರ್ಬ್ಯುರೇಟರ್ ತೆಗೆದು, ಅದೇ ಬೋಲ್ಟುಗಳಿಗೆ ಕೂರುವ ಥ್ರಾಟಲ್ ಬಾಡಿ ಇಂಜೆಕ್ಷನ್ ಕಿಟ್ ಹಾಕಿದೆ. ನಾಲ್ಕು ಇಂಜೆಕ್ಟರ್, ಒಂದು ಕಂಪ್ಯೂಟರ್, ಹೊಗೆಯನ್ನು ನೋಡುವ ಒಂದು ಆಮ್ಲಜನಕ ಸೆನ್ಸರ್, 43 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಪಂಪು, ಟ್ಯಾಂಕಿಗೆ ವಾಪಸ್ ಹೋಗುವ ಪೈಪು. ಇಂಥದ್ದನ್ನೇ ಮಾಡಿಕೊಂಡು ಒದ್ದಾಡುತ್ತಿರುವವರಿಗಾಗಿ, ನಾನು ಹುಡುಕಿದ ಕ್ರಮವನ್ನು ಬರೆಯುತ್ತಿದ್ದೇನೆ. ನಾನು ಹುಡುಕಿದ ಕ್ರಮ ಅಂದರೆ ತಪ್ಪಾಯಿತು. ಎರಡು ವಾರ ಲ್ಯಾಪ್‌ಟಾಪ್ ಹಿಡಿದು ತಪ್ಪು ಜಾಗದಲ್ಲಿ ತಡಕಾಡಿದ ಮೇಲೆ, ಮೊದಲೇ ಹೀಗೆ ಹುಡುಕಬೇಕಿತ್ತು ಅನ್ನಿಸಿದ ಕ್ರಮ ಇದು.

ಊರಲ್ಲಿ, ಗಂಗೊಳ್ಳಿಯಲ್ಲಿ, ನಮ್ಮ ಮಾವ ನಾಡದೋಣಿಗಳ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ಹೊರಗೆ ತೂಗುವ ಎಂಜಿನ್, ರಿಪೇರಿ ಮಾಡುತ್ತಿದ್ದರು. ಫೋನಿನಲ್ಲಿ ಈ ಕತೆ ಹೇಳಿದಾಗ ಕಂಪ್ಯೂಟರ್ ಸುದ್ದಿಯನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದ್ದು ಒಂದೇ: "ಮೊದ್ಲ್ ಎಣ್ಣಿ ಬತ್ತಾ ಕಾಣ್, ಮತ್ ಕಿಡಿ ಕಾಣ್." ಅವರ ಮಾತು ಅಂದೇ ಕೇಳಿದ್ದರೆ ಎರಡು ವಾರ ಉಳಿಯುತ್ತಿತ್ತು.

ಕೈ ಹಾಕುವ ಮೊದಲು

ಕಾರಿನಲ್ಲಿ ಪೆಟ್ರೋಲ್ ಸೋರಿದರೆ ನೆಲಕ್ಕೆ ಬಿದ್ದು ಆರುತ್ತದೆ. ಬೋಟಿನಲ್ಲಿ ಸೋರಿದ್ದು ಎಂಜಿನ್ ತಳದ ಬಿಲ್ಜಿನಲ್ಲೇ ನಿಲ್ಲುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೆದ್ದು ಹೋಗುವುದಿಲ್ಲ. ಕಾರ್ಬ್ಯುರೇಟರಿನ ಪಂಪು ಐದಾರು ಪಿಎಸ್‌ಐ ಒತ್ತಡದ್ದು, ಸಡಿಲ ಕ್ಲಿಪ್ಪಿನಲ್ಲಿ ತೊಟ್ಟಿಕ್ಕುತ್ತದೆ. 43 ಪಿಎಸ್‌ಐನಲ್ಲಿ ಅದೇ ಸಡಿಲ ಕ್ಲಿಪ್ಪು ಮಂಜಿನಂತೆ ಚಿಮ್ಮಿಸುತ್ತದೆ. ಆದ್ದರಿಂದ ಕೀಲಿ ತಿರುಗಿಸುವ ಮುನ್ನ ಪ್ರತಿ ಸಲವೂ ಮುಚ್ಚಳ ತೆರೆದು ಮೂಗಿನಿಂದ ನೋಡಿ, ಆವಿ ಹೊರದೂಡುವ ಬ್ಲೋವರ್ ನಾಲ್ಕು ನಿಮಿಷ ಓಡಿಸಿ. ಪೈಪು ಬಿಚ್ಚುವ ಮೊದಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ. ಉಳಿದದ್ದು ಚಿಮ್ಮದಂತೆ ಬಟ್ಟೆ ಸುತ್ತಿ ಬಿಚ್ಚಿ.

ಕಾರಿನ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವ ಪಂಪು, ರಿಲೇ, ಸ್ಟಾರ್ಟರ್ ಬೋಟಿಗೆ ಬೇಡ. ಬೋಟಿನವು ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ ಮಾಡಿದವು. ಹೊರಗಿನಿಂದ ಎರಡೂ ಒಂದೇ ಥರ ಕಾಣುವುದೇ ಅಪಾಯ. ಅಮೆರಿಕದಲ್ಲಿ ಬೋಟಿನ ಪೆಟ್ರೋಲ್ ಎಂಜಿನ್‌ಗಳ ಗಾಳಿಬಾಯಿಗೆ, ಔಟ್‌ಬೋರ್ಡ್ ಬಿಟ್ಟು, ಬೆಂಕಿತಡೆ ಜಾಲರಿ ಇರಲೇಬೇಕೆಂಬ ನಿಯಮ 1940ರ ಏಪ್ರಿಲ್‌ನಿಂದ ಇದೆ. ಇಂಜೆಕ್ಷನ್ ಹಾಕಿದ ಮಾತ್ರಕ್ಕೆ ಅದರಿಂದ ಬಿಡುಗಡೆಯಿಲ್ಲ. ಕಾರಿನ ಏರ್ ಫಿಲ್ಟರ್ ಹಾಕಿಕೊಂಡು ಓಡಾಡುವವರನ್ನು ನೋಡಿದ್ದೇನೆ, ಅವರ ಪಕ್ಕ ಬೋಟು ಕಟ್ಟುವುದಿಲ್ಲ.

ನಮ್ಮ ಕರಾವಳಿಯವರಿಗೆ ಇಲ್ಲೇ ಒಂದು ಮಾತು. ಸೀಮೆಎಣ್ಣೆಯ ಟೂ ಸ್ಟ್ರೋಕ್ ಔಟ್‌ಬೋರ್ಡಿಗೆ ಇಂಥ ಕಿಟ್ ಕೂರಿಸುವ ಯೋಚನೆ ಬೇಡ. ಅದರ ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು ಸಿಗುವುದು ಇಂಧನದ ಜೊತೆ ಒಳಗೆ ಹೋಗುವ ಆಯಿಲಿನಿಂದ. ಆ ದಾರಿ ಬದಲಾದರೆ ಎಂಜಿನ್ ಜಾಮ್ ಆಗುತ್ತದೆ. ಇಲ್ಲಿ ಹೇಳುತ್ತಿರುವುದೆಲ್ಲ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ನಿನ ಸಂಗತಿ.

ಹೇಗೆ ಸಾಯುತ್ತದೆ ಅನ್ನುವುದನ್ನು ನೋಡಿ

ಎಂಜಿನ್ ನಿಂತಿತು ಅನ್ನುವುದು ದೂರು, ಲಕ್ಷಣವಲ್ಲ. ಹೇಗೆ ನಿಂತಿತು ಅನ್ನುವುದು ಲಕ್ಷಣ. ಕಿಡಿ ಹೋದರೆ ಸ್ವಿಚ್ ಆರಿಸಿದ ಹಾಗೆ ಒಂದೇ ಏಟಿಗೆ ಸದ್ದು ನಿಲ್ಲುತ್ತದೆ. ಇಂಧನ ಹೋದರೆ ಎಂಜಿನ್ ತೇಕುತ್ತದೆ, ಏರಿಳಿಯುತ್ತದೆ, ಥ್ರಾಟಲ್ ಹಿಂದೆಳೆದರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಮತ್ತೆ ಕೊಟ್ಟರೆ ಮತ್ತೆ ಕುಸಿಯುತ್ತದೆ.

ಕಿಟ್ಟಿನ ಜೊತೆ ಬರುವ ಪರದೆಯಲ್ಲಿ ರೆಕಾರ್ಡಿಂಗ್ ಸೌಲಭ್ಯವಿದ್ದರೆ ಕಂಪ್ಯೂಟರಿನ ನಿಜವಾದ ಉಪಯೋಗ ಇಲ್ಲಿದೆ. ಆರ್‌ಪಿಎಂ, ಬ್ಯಾಟರಿ ವೋಲ್ಟ್, ಗಾಳಿ-ಇಂಧನದ ಅನುಪಾತ, ಇಷ್ಟು ಗೆರೆ ಸಾಕು. ಗೇರಿನಲ್ಲಿರುವ ಬೋಟಿನ ಎಂಜಿನ್‌ಗೆ ಬೆಂಕಿ ಆರಿದರೂ, ಬೋಟು ಮುಂದೆ ಜಾರುತ್ತಿರುವಷ್ಟು ಹೊತ್ತು ನೀರೇ ಪ್ರೊಪೆಲ್ಲರ್ ತಿರುಗಿಸಿ ಎಂಜಿನ್ನನ್ನೂ ಸ್ವಲ್ಪ ತಿರುಗಿಸುತ್ತಿರುತ್ತದೆ. ಹಾಗಾಗಿ ಆರ್‌ಪಿಎಂ ಗೆರೆ 3,200ರಿಂದ ನೇರ ಸೊನ್ನೆಗೆ ಕಡಿದು ಬಿದ್ದರೆ ಎಂಜಿನ್ ಅಷ್ಟು ಬೇಗ ನಿಂತಿದೆ ಎಂದಲ್ಲ, ಕಂಪ್ಯೂಟರಿಗೆ ಬರುವ ಸಿಗ್ನಲ್ ಕಡಿದಿದೆ ಎಂದು. ಅದು ವೈರಿನ ಅಥವಾ ಇಗ್ನಿಷನ್ನಿನ ಕೆಲಸ. ನನ್ನ ಗೆರೆ ಹಾಗಿರಲಿಲ್ಲ. ಮೊದಲು ಅನುಪಾತ 13ರಿಂದ 16, 17, 19 ಎಂದು ಏರುತ್ತಾ ಹೋಯಿತು, ಅಂದರೆ ಇಂಧನ ಕಡಿಮೆಯಾಗುತ್ತಾ ಗಾಳಿಯೇ ಹೆಚ್ಚಾಯಿತು. ನಾಲ್ಕು ಸೆಕೆಂಡ್ ಆದ ಮೇಲೆ ಆರ್‌ಪಿಎಂ ಜೋತು ಬಿತ್ತು. ವೋಲ್ಟ್ 14ರಲ್ಲೇ ಇತ್ತು.

ಇಷ್ಟು ನೋಡಿದ ಮೇಲೂ ನಾನು ಮಾಡಿದ್ದೇನು? ಆ ಆರ್‌ಪಿಎಂನಲ್ಲಿ ಪೆಟ್ರೋಲ್ ಹೆಚ್ಚಿಸಲು ಕಂಪ್ಯೂಟರಿನೊಳಗಿನ ಇಂಧನದ ಟೇಬಲ್ಲಿನ ಅಂಕಿ ತಿದ್ದಿದೆ. ಬಾವಿಯಲ್ಲಿ ನೀರಿಲ್ಲದಾಗ ಹಗ್ಗ ಬದಲಾಯಿಸಿದ ಹಾಗೆ.

ಪೆಟ್ರೋಲ್ ಬರುವ ದಾರಿ

ಈ ಇಡೀ ಬರಹದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು.

ಕಾರ್ಬ್ಯುರೇಟರ್ ಇದ್ದಾಗ ಪಂಪು ಟ್ಯಾಂಕಿನಿಂದ ಎಳೆಯುತ್ತಿದ್ದದ್ದು ಎಂಜಿನ್ ಸುಡುವಷ್ಟನ್ನೇ. ಫ್ಲೋಟ್ ಬಟ್ಟಲು ತುಂಬಿತೆಂದರೆ ಸೂಜಿ ಮುಚ್ಚಿಕೊಳ್ಳುತ್ತದೆ, ಪಂಪು ಸುಮ್ಮನಾಗುತ್ತದೆ. ಐಡ್ಲಿಂಗ್‌ನಲ್ಲಿ ಗಂಟೆಗೆ ಮೂರು ನಾಲ್ಕು ಲೀಟರ್, ಸಾಧಾರಣ ವೇಗದಲ್ಲಿ ನಲವತ್ತರ ಆಸುಪಾಸು, ಪೂರ್ತಿ ಥ್ರಾಟಲ್ ಕೊಟ್ಟರೆ 250 ಅಶ್ವಶಕ್ತಿಯ ಎಂಜಿನ್‌ಗೆ ಎಪ್ಪತ್ತೈದು ಎಂಬತ್ತು ಲೀಟರ್. ಹಳೇ ಪೈಪು, ಹಳೇ ವಾಲ್ವು ಮೂವತ್ತೈದು ವರ್ಷ ಹೊತ್ತದ್ದು ಇಷ್ಟೇ ಭಾರ.

ಇಂಜೆಕ್ಷನ್ ಪಂಪು ಹಾಗಲ್ಲ. ಸ್ಟಾರ್ಟ್ ಆದ ಕ್ಷಣದಿಂದ ಒಂದೇ ಸಮನೆ ತನ್ನ ಪೂರ್ತಿ ತಾಕತ್ತಿನಲ್ಲಿ ಎಳೆಯುತ್ತದೆ. ಎಂಜಿನ್ ತನಗೆ ಬೇಕಾದ್ದನ್ನು ತೆಗೆದುಕೊಂಡು ಉಳಿದದ್ದನ್ನು ರೆಗ್ಯುಲೇಟರ್ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ನನ್ನ ಪಂಪಿನ ಮೇಲೆ ಬರೆದದ್ದು ಗಂಟೆಗೆ 255 ಲೀಟರ್. ಒತ್ತಡದಲ್ಲಿ ಅದು ಇನ್ನೂರು ಎಂದೇ ಇಟ್ಟುಕೊಳ್ಳಿ. ಪೂರ್ತಿ ಥ್ರಾಟಲ್‌ನಲ್ಲಿ ಎಂಬತ್ತು ಹೊತ್ತ ಪೈಪಿಗೆ ಈಗ ಐಡ್ಲಿಂಗ್‌ನಲ್ಲೇ ಇನ್ನೂರರ ಹೊರೆ. ಹಳೇ ಪೈಪು ಮೊದಲಿನಿಂದ ಹೀಗೇ ಇತ್ತಲ್ಲ, ಅದರಲ್ಲಿ ದೋಷವಿಲ್ಲ ಅನ್ನುವ ವಾದ ಇಲ್ಲಿಗೆ ಮುಗಿಯಿತು.

ಇದರಿಂದ ಇನ್ನೊಂದು ಅನುಕೂಲವೂ ಇದೆ, ನನಗೆ ತಡವಾಗಿ ಹೊಳೆದದ್ದು. ಪಂಪು ಎಳೆಯುವುದು ಯಾವಾಗಲೂ ಒಂದೇ ಆದ್ದರಿಂದ, ಎಳೆತದ ಬದಿಯ ದೋಷ ಹುಡುಕಲು ನಡುನೀರಿಗೆ ಹೋಗಬೇಕಾಗಿಯೇ ಇಲ್ಲ. ಕಟ್ಟೆಯಲ್ಲೇ, ಐಡ್ಲಿಂಗ್‌ನಲ್ಲೇ ಅಳೆಯಬಹುದು. ಎಂಜಿನ್ ನಿಲ್ಲುವುದು ನಡುನೀರಲ್ಲಾದರೂ ರೋಗ ಕಟ್ಟೆಯಲ್ಲೂ ಇರುತ್ತದೆ. ಕಡಿಮೆ ಹಸಿವಿನಲ್ಲಿ ಎಂಜಿನ್‌ಗೆ ಅದು ಗೊತ್ತಾಗುವುದಿಲ್ಲ ಅಷ್ಟೆ.

ಬೇಕಾದದ್ದು ಎರಡು ಮೀಟರ್. ಒಂದು ಒತ್ತಡದ್ದು, ಥ್ರಾಟಲ್ ಬಾಡಿಯ ಹತ್ತಿರ. ಇನ್ನೊಂದು ಎಳೆತ ಅಳೆಯುವ ವ್ಯಾಕ್ಯೂಮ್ ಮೀಟರ್, ಪಂಪಿನ ಒಳಬಾಯಿಗೆ ಮೂರು ಬಾಯಿಯ ಟೀ ಜೋಡಣೆ ಹಾಕಿ. ಅದರ ಜೊತೆಗೇ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿದರೆ ಗುಳ್ಳೆಗಳೂ ಕಾಣುತ್ತವೆ. ಇದು ಪರೀಕ್ಷೆಯ ಹೊತ್ತಿಗೆ ಮಾತ್ರ. ಬೆಂಕಿ ತಡೆಯದ ಪೈಪನ್ನು ಎಂಜಿನ್ ಕೋಣೆಯಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ.

ವ್ಯಾಕ್ಯೂಮ್ 2 ಇಂಚು ಪಾದರಸಕ್ಕಿಂತ ಕಡಿಮೆ ಇದ್ದರೆ ದಾರಿ ಸಲೀಸು. ಬೋಟ್ ಎಂಜಿನ್ ತಯಾರಕರು ಒಪ್ಪುವ ಮಿತಿಯೂ ಅಷ್ಟೇ. ನನ್ನದು ತೋರಿಸಿದ್ದು 6. ಪಾರದರ್ಶಕ ಪೈಪಿನಲ್ಲಿ ಮೊದಲು ಏನೂ ಇಲ್ಲ, ಎಂಟು ನಿಮಿಷದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದೊಂದಾಗಿ, ಆಮೇಲೆ ಮಾಲೆಯಾಗಿ. ಸರಿಯಾಗಿ ನಡುನೀರಿನ ಲೆಕ್ಕದ ಸಮಯವೇ. ಯಾಕೆ ಎಂಟು ನಿಮಿಷ? ವಾಪಸ್ ಹೋಗುವ ಪೆಟ್ರೋಲ್ ಎಂಜಿನ್ ಕೋಣೆಯ ಬಿಸಿಯನ್ನು ಹೊತ್ತು ಟ್ಯಾಂಕಿಗೆ ಬೀಳುತ್ತದೆ, ಮತ್ತೆ ಅದೇ ಮೇಲೆ ಬರುತ್ತದೆ. ಬಿಸಿ ಪೆಟ್ರೋಲನ್ನು ಬಲವಾಗಿ ಹೀರಿದರೆ ಅದು ಪೈಪಿನಲ್ಲೇ ಕುದಿದು ಆವಿಯಾಗುತ್ತದೆ. ಟ್ಯಾಂಕು ತುಂಬಿದ್ದ ದಿನ ತೊಂದರೆ ತಡವಾಗಿ ಬರುತ್ತಿದ್ದದ್ದು, ಕಾಲು ಟ್ಯಾಂಕ್ ಇದ್ದ ದಿನ ಬೇಗ ಬರುತ್ತಿದ್ದದ್ದು ಇದೇ ಕಾರಣಕ್ಕೆ.

ಗುಳ್ಳೆ ಇದ್ದು ವ್ಯಾಕ್ಯೂಮ್ ಕಡಿಮೆ ಇದ್ದರೆ ಅದು ಬೇರೆ ಕತೆ. ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ. ಎಳೆತದ ಬದಿಯ ಬಿರುಕು ಪೆಟ್ರೋಲ್ ಸೋರಿಸುವುದಿಲ್ಲ, ಗಾಳಿ ಸೇರಿಸಿಕೊಳ್ಳುತ್ತದೆ. ಹೊರಗೆಲ್ಲ ಒಣಗಿಯೇ ಇರುವುದರಿಂದ ಕಣ್ಣಿಗೆ ಸಿಗುವುದಿಲ್ಲ. ನೀರು ಬೇರ್ಪಡಿಸುವ ಫಿಲ್ಟರಿನ ರಬ್ಬರ್ ಬಳೆ, ಟ್ಯಾಂಕಿನ ಮೇಲಿನ ಕೊಳವೆಯ ಬುಡ, ಇವೆರಡನ್ನು ಮೊದಲು ಅನುಮಾನಿಸಿ.

ಈಗ ದಾರಿಯನ್ನು ತುಂಡು ತುಂಡಾಗಿ ಬೇರ್ಪಡಿಸಬೇಕು. ಸುಲಭದ ಉಪಾಯ, ಔಟ್‌ಬೋರ್ಡಿನವರು ಬಳಸುವ 23 ಲೀಟರಿನ ಕೈ ಟ್ಯಾಂಕು. ಪಂಪಿನ ಒಳಬಾಯಿಯನ್ನು ಅದಕ್ಕೆ ಸೇರಿಸಿ ಓಡಿಸಿ. ದೋಷ ಮಾಯವಾದರೆ ಬೋಟಿನ ಟ್ಯಾಂಕು, ಪೈಪುಗಳಲ್ಲೇ ರೋಗ. ಆದರೆ ವಾಪಸ್ ಪೈಪನ್ನೂ ಆ ಕೈ ಟ್ಯಾಂಕಿಗೇ ಹಾಕಬೇಕು! ನಾನು ಹಾಕಲಿಲ್ಲ. ಏಳನೇ ನಿಮಿಷಕ್ಕೆ ಎಂಜಿನ್ ನಿಂತಿತು. ಹಾಗಾದರೆ ಪಂಪೇ ಹಾಳು ಎಂದು ತೀರ್ಮಾನಿಸಿ ಹೊಸ ಪಂಪಿಗೆ ಆರ್ಡರ್ ಕೊಟ್ಟು, ಟ್ಯಾಂಕು ಎತ್ತಿ ನೋಡಿದರೆ ಖಾಲಿ. ಇನ್ನೂರು ಲೀಟರಿನ ಲೆಕ್ಕದಲ್ಲಿ 23 ಲೀಟರ್ ಏಳು ನಿಮಿಷಕ್ಕೆ ಮುಗಿಯಲೇಬೇಕಲ್ಲ. ಎಲ್ಲವೂ ಬೋಟಿನ ದೊಡ್ಡ ಟ್ಯಾಂಕಿಗೆ ಹೋಗಿ ಕೂತಿತ್ತು. ಆ ಪಂಪು ಈಗಲೂ ಪೆಟ್ಟಿಗೆಯಲ್ಲಿದೆ, ಯಾರಿಗಾದರೂ ಬೇಕಿದ್ದರೆ.

ಸರಿಯಾಗಿ ಜೋಡಿಸಿ ಮತ್ತೆ ಓಡಿಸಿದಾಗ ವ್ಯಾಕ್ಯೂಮ್ 1ಕ್ಕಿಂತ ಕೆಳಗೆ. ಅಂದರೆ ದೋಷ ಫಿಲ್ಟರಿನಿಂದ ಟ್ಯಾಂಕಿನ ಕಡೆಗೆ. ಅಲ್ಲಿ ಇರುವುದು ನಾಲ್ಕೇ ವಸ್ತು: ಫಿಲ್ಟರ್, ಪೈಪು, ಸೈಫನ್ ತಡೆ ವಾಲ್ವು, ಟ್ಯಾಂಕಿಗೆ ಗಾಳಿ ಬರುವ ಕೊಳವೆ. ಕೊನೆಯದನ್ನು ಪರೀಕ್ಷಿಸಲು ಪೆಟ್ರೋಲ್ ತುಂಬುವ ಮುಚ್ಚಳ ಬಿಚ್ಚಿ ನೋಡಿದರೆ ಸಾಕು. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಆ ಕೊಳವೆ ಮುಚ್ಚಿದೆ. ಜೇಡ ಗೂಡು ಕಟ್ಟುವುದಕ್ಕೆ ಚಳಿಗಾಲದ ಆರು ತಿಂಗಳು ಬೇಕಾದಷ್ಟಾಯಿತು. ನನ್ನದರಲ್ಲಿ ಸದ್ದಿರಲಿಲ್ಲ.

ಸೈಫನ್ ತಡೆ ವಾಲ್ವು ಟ್ಯಾಂಕಿನ ಬಾಯಲ್ಲಿ ಕೂತ ಹಿತ್ತಾಳೆಯ ತುಂಡು, ಒಳಗೆ ಸ್ಪ್ರಿಂಗ್ ಒತ್ತಿದ ಗುಂಡು. ಪೈಪು ಎಲ್ಲಾದರೂ ತುಂಡಾದರೆ ಟ್ಯಾಂಕಿನ ಪೆಟ್ರೋಲ್ ತಾನಾಗಿ ಬಿಲ್ಜಿಗೆ ಹರಿಯದಂತೆ ತಡೆಯುವುದು ಅದರ ಕೆಲಸ. ನನ್ನದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಗುಂಡಿನ ಸುತ್ತ ಬೆಲ್ಲದ ಪಾಕದಂಥ ಕಂದು ಅಂಟು. ಕಡ್ಡಿಯಿಂದ ಒತ್ತಿದರೆ ಅರ್ಧ ಮಾತ್ರ ಹಿಂದೆ ಸರಿಯುತ್ತಿತ್ತು. ಅದರ ಹಿಂದಿನ ಪೈಪು ಹೊರಗಿನಿಂದ ಗಟ್ಟಿಮುಟ್ಟಾಗಿತ್ತು. ಉದ್ದಕ್ಕೆ ಚಾಕುವಿನಿಂದ ಸೀಳಿದೆ. ಒಳಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು, ಒಂದು ಕಡೆ ಮಾತ್ರ ಅಂಟಿಕೊಂಡು ನಾಲಿಗೆಯಂತೆ ಜೋಲುತ್ತಿತ್ತು. ಕಡಿಮೆ ಹರಿವಿನಲ್ಲಿ ಅದು ಪಕ್ಕಕ್ಕೆ ಮಲಗಿರುತ್ತದೆ. ಜೋರಾಗಿ ಎಳೆದರೆ ಎದ್ದು ಬಾಯಿ ಮುಚ್ಚುತ್ತದೆ. ಬಾಯಿಂದ ಊದಿ ನೋಡಿದ್ದರೆ ಪೈಪು ಸರಿಯಿದೆ ಎಂದೇ ಅನ್ನಿಸುತ್ತಿತ್ತು. 1988ರ ರಬ್ಬರು ಹತ್ತು ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲಿಗೆಂದು ಮಾಡಿದ್ದಲ್ಲ. ಭಾರತದಲ್ಲಿ ಈಗ ಇಪ್ಪತ್ತು ಪರ್ಸೆಂಟಿನ ಪೆಟ್ರೋಲ್, ಹಳೇ ಬೋಟು ಇಟ್ಟುಕೊಂಡವರು ಪೈಪು ಸೀಳಿಯೇ ನೋಡಬೇಕು.

ವಾಲ್ವನ್ನು ಕಿತ್ತೇ ಹಾಕಿ, ಸಮಸ್ಯೆ ಹೋಗುತ್ತದೆ ಎಂದು ಹಡಗುಕಟ್ಟೆಯಲ್ಲಿ ಉಪದೇಶ ಮಾಡುವವರಿದ್ದಾರೆ. ಹೋಗುತ್ತದೆ, ಒಂದು ದಿನ ಬೋಟೂ ಹೋಗುತ್ತದೆ. ಹೆಚ್ಚು ಹರಿವಿನ ಹೊಸ ವಾಲ್ವು ಹಾಕಿ. ಎ1-15 ಎಂದು ಅಚ್ಚೊತ್ತಿದ ಹೊಸ ಪೈಪು ಹಾಕಿ, ಅದು ಬೆಂಕಿಯನ್ನೂ ಎಥನಾಲನ್ನೂ ತಡೆಯುವ ದರ್ಜೆ. ನನ್ನ ವ್ಯಾಕ್ಯೂಮ್ 6ರಿಂದ 2ರ ಕೆಳಗಿಳಿಯಿತು, ನಡುನೀರಿನ ಬಂದ್ ಅಂದಿಗೆ ಮುಗಿಯಿತು.

ಪಕ್ಕಾ ಪರಿಹಾರ ಬೇರೆಯೇ ಇದೆ, ಅದನ್ನು ಮುಂದಿನ ಬೇಸಿಗೆಗೆ ಮಾಡಿದೆ. ಕಾರ್ಖಾನೆಯಿಂದಲೇ ಇಂಜೆಕ್ಷನ್ ಆಗಿ ಬಂದ ಬೋಟ್ ಎಂಜಿನ್‌ಗಳಲ್ಲಿ ಎಂಜಿನ್ ಪಕ್ಕದಲ್ಲೇ ಚೊಂಬಿನಷ್ಟು ಪುಟ್ಟ ಟ್ಯಾಂಕು ಇಡುವುದುಂಟು, ಒಳಗೆ ಫ್ಲೋಟ್ ಸಮೇತ. ಕಡಿಮೆ ಒತ್ತಡದ ಪಂಪು ದೊಡ್ಡ ಟ್ಯಾಂಕಿನಿಂದ ಅದನ್ನು ತುಂಬುತ್ತದೆ, ಅಂದರೆ ಎಂಜಿನ್ ಸುಡುವಷ್ಟೇ ಎಳೆಯುತ್ತದೆ. ಹೆಚ್ಚು ಒತ್ತಡದ ಪಂಪಿನ ಸುತ್ತಾಟವೆಲ್ಲ ಆ ಚೊಂಬಿನೊಳಗೇ, ಬಿಸಿಯಾಗದಂತೆ ಸುತ್ತ ತಣ್ಣೀರಿನ ಹರಿವು. ಉದ್ದದ ವಾಪಸ್ ಪೈಪೇ ಬೇಡ. ಮೊದಲೇ ಇದನ್ನು ಕೊಳ್ಳಲು ಜಿಪುಣತನ ಮಾಡಿದ್ದು ನನ್ನ ತಪ್ಪು.

ಒತ್ತಡದ ಮೀಟರಿನ ಬಗ್ಗೆ ಎರಡು ಮಾತು. ಅದು 43ರಿಂದ ಕುಸಿದರೆ ಮೇಲಿನದೆಲ್ಲ. ಏರಿ ಐವತ್ತೈದು ಅರವತ್ತಕ್ಕೆ ನಿಂತರೆ ವಾಪಸ್ ಪೈಪು ಮಡಚಿದೆ ಅಥವಾ ಸಣ್ಣದಾಯಿತು. ಆಗ ಐಡ್ಲಿಂಗ್‌ನಲ್ಲಿ ಕಪ್ಪು ಹೊಗೆ. ವಾಪಸ್ ಬಾಯಿಯನ್ನು ಎಳೆಯುವ ಬಾಯಿಯ ಪಕ್ಕದಲ್ಲೇ ಇಡಬೇಡಿ, ಗುಳ್ಳೆ ಮತ್ತೆ ಅದರೊಳಕ್ಕೇ ಹೋಗುತ್ತದೆ. ಗಾಳಿ ಕೊಳವೆಗೆ ಟೀ ಹಾಕಿ ಬಿಡುವುದಂತೂ ಕೂಡದು.

ಕಪ್ಪು ಮಸಿ, ತೆಳುವಾದ ಆಯಿಲ್

ಬಂದ್ ಆಗುವುದು ನಿಂತ ಮೇಲೆ ಕಣ್ಣಿಗೆ ಬಿದ್ದ ಎರಡನೇ ರೋಗ. ಬೋಟಿನ ಹಿಂಭಾಗದ ಬಿಳಿ ಹಲಗೆ ಮೇಲೆ ಪ್ರತಿ ಸವಾರಿಗೂ ಒಲೆಯ ಹಿಂದಿನ ಗೋಡೆಯಂಥ ಮಸಿ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮಟ್ಟ ಗುರುತಿಗಿಂತ ಅರ್ಧ ಬೆರಳು ಮೇಲೆ! ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಮೂಸಿದರೆ ಪೆಟ್ರೋಲ್ ವಾಸನೆ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಕೆಳಗೆ ಇಳಿಯುತ್ತಿತ್ತು. ಇಂಥದ್ದು ಕಂಡರೆ ಇನ್ನೊಂದು ಸವಾರಿ ಬೇಡ, ಆಯಿಲ್ ಬದಲಾಯಿಸಿ, ಆಮೇಲೆ ಕಾರಣ ಹುಡುಕಿ. ಆಯಿಲ್ ಹಾಲಿನ ಕಾಫಿಯಂತೆ ಆಗಿದ್ದರೆ ಅದು ನೀರು, ಬೇರೆಯೇ ಗ್ರಹಚಾರ.

ಕಾರಣ ಸರಳ, ಕಾರಿನವರಿಗೆ ಊಹೆಗೂ ಬಾರದ್ದು. ಈ ಕಿಟ್‌ಗಳ ಕಂಪ್ಯೂಟರ್ ಕಲಿತದ್ದು ಕಾರಿನ ಪಾಠ. ಕಾರಿನ ಎಂಜಿನ್ ತೊಂಬತ್ತು ಡಿಗ್ರಿ ಸೆಲ್ಸಿಯಸ್ ಹತ್ತಿರ ಓಡುತ್ತದೆ. ಹೊರಗಿನ ನೀರನ್ನೇ ಎಳೆದು ತಣಿಯುವ ಬೋಟ್ ಎಂಜಿನ್‌ನ ಥರ್ಮೋಸ್ಟಾಟ್ ತೆರೆಯುವುದೇ ಅರವತ್ತರಲ್ಲಿ. ಸಮುದ್ರದ ನೀರು ಅದಕ್ಕಿಂತ ಬಿಸಿಯಾದರೆ ಉಪ್ಪು ಎಂಜಿನ್ ಒಳಗೇ ಗಟ್ಟಿ ಕಟ್ಟುತ್ತದೆ, ಅದಕ್ಕೇ ಹಾಗೆ. ನನ್ನ ಕಂಪ್ಯೂಟರ್ ಎಪ್ಪತ್ತೊಂದು ಡಿಗ್ರಿ ದಾಟಿದ ಮೇಲೆಯೇ ಎಂಜಿನ್ ಬಿಸಿಯಾಯಿತು ಎಂದು ಒಪ್ಪುವಂಥದ್ದು. ಬೋಟು ದಿನವಿಡೀ ಅರವತ್ತರಲ್ಲೇ ಇರುತ್ತದೆ. ಹಾಗಾಗಿ ಕಂಪ್ಯೂಟರಿಗೆ ದಿನವಿಡೀ ಬೆಳಗಿನ ಜಾವ. ಚೋಕ್ ಎಳೆದೇ ಇಟ್ಟ ಹಾಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಆಮ್ಲಜನಕ ಸೆನ್ಸರಿನ ಮಾತನ್ನೂ ಕೇಳುವುದಿಲ್ಲ.

ಮೊದಲು ಎಂಜಿನ್ ಬಿಸಿ ಅಳೆಯುವ ಉಷ್ಣ ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಜನರಲ್ ಮೋಟಾರ್ಸ್ ಮಾದರಿಯ ಉಷ್ಣ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 3,500 ಓಮ್, ಕುದಿಯುವ ನೀರಿನಲ್ಲಿ 180ರ ಆಸುಪಾಸು ತೋರಿಸಬೇಕು. ಅಡುಗೆಮನೆಯ ಪಾತ್ರೆ, ಮಲ್ಟಿಮೀಟರ್ ಸಾಕು, ಮನೆಯವರ ಅನುಮತಿ ಬೇಕು. ಸೆನ್ಸರ್ ಸರಿಯಿದ್ದರೆ ತಿದ್ದಬೇಕಾದ್ದು ಟೇಬಲ್: ಬಿಸಿಯಾಗುವಾಗಿನ ಹೆಚ್ಚುವರಿ ಪೆಟ್ರೋಲ್ ಐವತ್ತೈದು ಡಿಗ್ರಿಗೆ ಸೊನ್ನೆಯಾಗಲಿ, ಆಮ್ಲಜನಕ ಸೆನ್ಸರಿನ ಮಾತು ಕೇಳುವ ಮಿತಿಯೂ ಅಲ್ಲಿಗೇ ಇಳಿಯಲಿ. ಹೆಚ್ಚು ಬಿಸಿಯಲ್ಲಿ ತೆರೆಯುವ ಥರ್ಮೋಸ್ಟಾಟ್ ಹಾಕುವುದು ಇನ್ನೊಂದು ದಾರಿ. ಸೇಂಟ್ ಕ್ಲೇರ್‌ನ ಸಿಹಿನೀರಿಗೆ ಅದು ನಡೆದೀತು, ಉಪ್ಪುನೀರಿಗೆ ಬೇಡ.

ಆಮ್ಲಜನಕ ಸೆನ್ಸರನ್ನು ಎಷ್ಟು ನಂಬಬೇಕು

ಪೂರ್ತಿ ನಂಬಬಾರದು. ಬೋಟಿನ ಸೈಲೆನ್ಸರ್ ದಾರಿಯಲ್ಲಿ ತಣ್ಣೀರು ಹೊಗೆಯ ಜೊತೆ ಸೇರಿ ಹೊರಬೀಳುತ್ತದೆ. ಐಡ್ಲಿಂಗ್‌ನಲ್ಲಿ ಹೊಗೆಯ ಬಡಿತ ಹಿಂದಕ್ಕೂ ಎಳೆಯುವುದರಿಂದ ನೀರಿನ ಹನಿ ಮೇಲಕ್ಕೆ ಬರುತ್ತದೆ. ಕೆಂಪಗೆ ಕಾದ ಸೆನ್ಸರಿಗೆ ಒಂದು ಹನಿ ತಾಗಿದರೆ ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದಂತೆಯೇ. ನೀರು ಸೇರುವ ಜಾಗಕ್ಕಿಂತ ಆದಷ್ಟು ಮೇಲೆ, ಮೂತಿ ಕೆಳಗಾಗುವ ಹಾಗೆ ಕೂರಿಸಿ. ಹಾಗಿದ್ದೂ ಅದನ್ನು ವರ್ಷಕ್ಕೊಮ್ಮೆ ಬದಲಾಯಿಸುವ ವಸ್ತು ಎಂದೇ ಲೆಕ್ಕ ಇಡಿ.

ಇನ್ನೊಂದು ಮೋಸ ನಾಜೂಕಿನದು. ಸೆನ್ಸರ್ ನೋಡುವುದು ಪೆಟ್ರೋಲನ್ನಲ್ಲ, ಉಳಿದ ಆಮ್ಲಜನಕವನ್ನು. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಅಲ್ಲಿನ ಗಾಳಿ ಸುಡದೆ ಹಾಗೇ ಹೊರಬರುತ್ತದೆ. ಸೆನ್ಸರ್ ಇದನ್ನು ಪೆಟ್ರೋಲ್ ಕಡಿಮೆಯಾಯಿತು ಎಂದು ಓದುತ್ತದೆ, ಕಂಪ್ಯೂಟರ್ ಎಲ್ಲ ಸಿಲಿಂಡರಿಗೂ ಹೆಚ್ಚಿಸುತ್ತದೆ. ಪ್ಲಗ್ಗುಗಳಿಗೆ ಮಸಿ ಹಿಡಿದು ಇನ್ನಷ್ಟು ಮಿಸ್ಸಿಂಗ್, ಇನ್ನಷ್ಟು ಪೆಟ್ರೋಲ್. ಪರದೆಯ ಮೇಲೆ ಕಂಪ್ಯೂಟರ್ ಮಾಡಿದ ಪೆಟ್ರೋಲ್ ತಿದ್ದುಪಡಿ ಹದಿನೈದು ಇಪ್ಪತ್ತು ಪರ್ಸೆಂಟ್ ಮೇಲೇರಿ, ಎಂಟರಲ್ಲಿ ಒಂದು ಪ್ಲಗ್ ಮಾತ್ರ ಒದ್ದೆಯಾಗಿದ್ದರೆ ಇಂಜೆಕ್ಷನ್ ಬಿಡಿ, ಆ ಒಂದು ಪ್ಲಗ್ಗಿನ ವೈರ್ ನೋಡಿ. ಸಂಶಯವಿದ್ದಾಗ ತಾನಾಗಿ ಕಲಿಯುವ ಸೌಲಭ್ಯವನ್ನು ಆರಿಸಿ ಓಡಿಸಿ. ರೋಗದ ದಿನ ಕಲಿತ ಪಾಠವನ್ನು ಅದು ಗುಣವಾದ ಮೇಲೂ ಒಪ್ಪಿಸುತ್ತಿರುತ್ತದೆ.

ವೈರು, ಅರ್ಥ್

ಕಾರ್ಬ್ಯುರೇಟರಿಗೆ ವೋಲ್ಟ್ ಬೇಕಿರಲಿಲ್ಲ. ಕಂಪ್ಯೂಟರಿಗೆ ಬೇಕು. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ಹತ್ತು ವೋಲ್ಟಿಗಿಂತ ಕೆಳಗಿಳಿದರೆ ಕಂಪ್ಯೂಟರ್ ಮೂರ್ಛೆ ಹೋಗಿ ಎಚ್ಚರಾಗುತ್ತದೆ, ಎಂಜಿನ್ ಎಷ್ಟು ತಿರುಗಿದರೂ ಸ್ಟಾರ್ಟ್ ಹತ್ತುವುದಿಲ್ಲ. ಕೀಲಿ ಬಿಟ್ಟ ಕ್ಷಣ ಹತ್ತಿದರೆ ಇದೇ ಎಂದು ಗುರುತು. ಕಂಪ್ಯೂಟರಿನ ಎರಡು ದಪ್ಪ ವೈರು ನೇರ ಬ್ಯಾಟರಿ ತುದಿಗೇ ಹೋಗಬೇಕು, ಡ್ಯಾಶ್‌ಬೋರ್ಡಿನ ಹಳೇ ಫ್ಯೂಸ್ ಪಟ್ಟಿಯಿಂದ ಕದ್ದದ್ದಾಗಬಾರದು. ಪಂಪು ಓಡುತ್ತಿರುವಾಗ ಬ್ಯಾಟರಿ ನೆಗೆಟಿವ್‌ಗೂ ಪಂಪಿನ ನೆಗೆಟಿವ್‌ಗೂ ನಡುವೆ ಮೀಟರ್ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ನಡುವೆ ಎಲ್ಲೋ ಹಸಿರು ಕಿಲುಬು ಕೂತಿದೆ.

ಆರ್‌ಪಿಎಂ ಅಂಕಿ ಕುಣಿಯುತ್ತಿದ್ದರೆ ಪ್ಲಗ್ ವೈರುಗಳ ವಿದ್ಯುತ್ ಗದ್ದಲ ಸಿಗ್ನಲ್ಲಿಗೆ ಬಡಿಯುತ್ತಿದೆ. ತಾಮ್ರದ ಎಳೆಯ ಹಳೇ ಪ್ಲಗ್ ವೈರು ತೆಗೆದು ಆ ಗದ್ದಲ ತಡೆಯುವಂಥವನ್ನು, ರೆಸಿಸ್ಟರ್ ಪ್ಲಗ್ಗುಗಳನ್ನು ಹಾಕಿ, ಸಿಗ್ನಲ್ ವೈರನ್ನು ಕಾಯಿಲಿನಿಂದ ದೂರ ಒಯ್ಯಿರಿ.

ಗೇರಿನಿಂದ ನ್ಯೂಟ್ರಲ್‌ಗೆ ತರುವಾಗ ಮಾತ್ರ ಆಫ್ ಆಗುತ್ತದೆಯೇ? ಮರ್ಕ್ರೂಸರ್ ಆಲ್ಫಾದಂಥ ಡ್ರೈವ್‌ಗಳಲ್ಲಿ ಗೇರ್ ಸಲೀಸಾಗಿ ಬಿಡಲೆಂದು ಕ್ಷಣಕಾಲ ಕಿಡಿ ತಪ್ಪಿಸುವ ಒಂದು ಪುಟ್ಟ ಸ್ವಿಚ್ ಇದೆ. ಕೇಬಲ್ ತುಕ್ಕು ಹಿಡಿದು ಬಿಗಿಯಾದರೆ ಅದು ಕ್ಷಣದ ಬದಲು ಒಂದು ಸೆಕೆಂಡ್ ಒತ್ತಿ ಹಿಡಿಯುತ್ತದೆ. ಕಾರ್ಬ್ಯುರೇಟರ್ ಎಂಜಿನ್ ಹೇಗೋ ಸುಧಾರಿಸಿಕೊಂಡು ಹೋಗುತ್ತಿತ್ತು. ಕಂಪ್ಯೂಟರ್ ಎಂಜಿನ್ ನಿಂತಿತೆಂದು ತಿಳಿದು ಪೆಟ್ರೋಲ್ ಕಡಿಯುತ್ತದೆ. ಐಡ್ಲಿಂಗ್ ತಿದ್ದುತ್ತಾ ಕೂರಬೇಡಿ, ಕೇಬಲ್ ಬದಲಾಯಿಸಿ.

ಇನ್ನು ನನ್ನ ಎಂಜಿನ್ ಸರಿಯಿದ್ದ ದಿನದ ಅಂಕಿಗಳನ್ನು ಮುಚ್ಚಳದ ಒಳಬದಿಗೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ಕೀಲಿ ಹಾಕಿ ಎಂಜಿನ್ ತಿರುಗದಿದ್ದಾಗ ಗಾಳಿಯೊತ್ತಡದ ಸೆನ್ಸರ್ 99 ಕಿಲೋಪಾಸ್ಕಲ್, ಐಡ್ಲಿಂಗ್‌ನಲ್ಲಿ 41. ಪೆಟ್ರೋಲ್ 43 ಪಿಎಸ್‌ಐ. ವ್ಯಾಕ್ಯೂಮ್ ಚೊಂಬು ಹಾಕಿದ ಮೇಲೆ ಅರ್ಧ ಇಂಚು. ಸ್ಟಾರ್ಟರ್ ತಿರುಗುವಾಗ 10.8 ವೋಲ್ಟ್. ಕೆಳಗೆ ಕನ್ನಡದಲ್ಲಿ ಒಂದು ಸಾಲು, ಕೈ ಟ್ಯಾಂಕಿನ ವಾಪಸ್ ಪೈಪಿನ ಬಗ್ಗೆ. ಪಕ್ಕದ ಬೋಟಿನಾತ ಅದೇನು ಮಂತ್ರವೇ ಎಂದು ಕೇಳಿದ.